ಹಲ್ಲೆಗೆರೆಯ ಡಾಕ್ಟರು ಮತ್ತು ನಮ್ಮ ಪುಟಗಳ ‘ಹೊಟ್ಟೆನೋವು’

ಡಾ. ವಿವೇಕ್ ಹಲ್ಲೆಗೆರೆ ಮೂರ್ತಿ. ಹೆಸರಿನ ನಡುವೆಯೇ ಮಂಡ್ಯ ಜಿಲ್ಲೆಯ ಒಂದು ಊರು ಕೂತಿದೆ. ಅಮೆರಿಕದ ಸರ್ಜನ್ ಜನರಲ್ ಹುದ್ದೆಗೆ ಅವರು ಎರಡು ಸಲ ಏರಿದರು. ಎರಡು ಸಲವೂ ನಮ್ಮ ಕಡೆ ದೊಡ್ಡ ಸುದ್ದಿಯಾದದ್ದು ಆ ನಡುಹೆಸರೇ.

ಪತ್ರಿಕೋದ್ಯಮ ಡಿಪ್ಲೊಮಾದ ಮೊದಲ ತಿಂಗಳಲ್ಲೇ ‘ಸಾಮೀಪ್ಯ’ ಅನ್ನುವ ಸುದ್ದಿಮೌಲ್ಯ ಕಲಿಸುತ್ತಾರೆ. ದೂರದ ಭೂಕಂಪಕ್ಕಿಂತ ಹತ್ತಿರದ ಬಸ್ ಅಪಘಾತ ದೊಡ್ಡದು. ದೂರದ ಹುದ್ದೆಯಲ್ಲಿ ನಮ್ಮೂರಿನವರು ಕೂತರೆ ಆ ಹುದ್ದೆಯೇ ಹತ್ತಿರ ಬರುತ್ತದೆ. ಇಂಥ ಸುದ್ದಿಯ ಅಚ್ಚು ಜಿಲ್ಲೆಯ ಸ್ಟ್ರಿಂಗರ್‌ಗಳಾದ ನಮಗೆಲ್ಲ ಬಾಯಿಪಾಠ: ಮೂಲ ಊರು, ತಾತನ ಹೆಸರು, ನೆಂಟರ ಸಂತಸ, ಓದಿದ ಕಾಲೇಜುಗಳ ಪಟ್ಟಿ. ಆ ಸುದ್ದಿ ಬರಬಾರದು ಎಂದು ನಾವು ಹೇಳುವುದಿಲ್ಲ. ಊರಿನ ಹೆಮ್ಮೆ ಊರಿನ ಪುಟದಲ್ಲಿ ಬರದೆ ಇನ್ನೆಲ್ಲಿ ಬರಬೇಕು? ನಮ್ಮ ತಕರಾರು ಬೇರೆ. ಆ ಮನುಷ್ಯ ಆ ಕುರ್ಚಿಯಲ್ಲಿ ಕೂತು ವರ್ಷಗಟ್ಟಲೆ ಏನು ಹೇಳಿದರೋ ಅದು ಹಲ್ಲೆಗೆರೆಯವರೆಗೂ ಬರಲೇ ಇಲ್ಲ. ಹುದ್ದೆ ಬಂತು, ಮಾತು ಬರಲಿಲ್ಲ.

ಅವರು ಹೇಳಿದ್ದರಲ್ಲಿ ಮುಖ್ಯವಾದದ್ದು ಒಂಟಿತನದ ಬಗ್ಗೆ, ಮನಸ್ಸಿನ ಆರೋಗ್ಯದ ಬಗ್ಗೆ. ಅದರ ಬೇರು ಇರುವುದು ವಲಸೆ ಬಂದ ಮನೆಯ ಒಬ್ಬ ಶಾಲಾ ಹುಡುಗನಲ್ಲಿ.

ತಂದೆ ತಾಯಿ ಕರ್ನಾಟಕದವರು. ಮಗ ಹುಟ್ಟಿದ್ದು 1977ರಲ್ಲಿ, ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನಲ್ಲಿ. ಮರುವರ್ಷ ಕುಟುಂಬ ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ಗೆ ಹೋಯಿತು. ವೈದ್ಯರಾದ ತಂದೆಗೆ ಅಲ್ಲಿ ಕೆಲಸ. ಹುಡುಗನಿಗೆ ಮೂರು ವರ್ಷವಾದಾಗ ಅಮೆರಿಕದ ಮಯಾಮಿಗೆ ಬಂದರು. ಅಲ್ಲಿ ಅಪ್ಪ ಅಮ್ಮ ಸೇರಿ ಸಣ್ಣ ಕ್ಲಿನಿಕ್ ತೆರೆದರು, ಅಪ್ಪ ಡಾಕ್ಟರು, ಕ್ಲಿನಿಕ್ಕಿನ ಮೇಲ್ವಿಚಾರಣೆ ಅಮ್ಮನದು. ಮಕ್ಕಳಿಬ್ಬರೂ ಅಲ್ಲೇ ಓಡಾಡಿಕೊಂಡು ಬೆಳೆದರು. ನಮ್ಮ ಕಡೆ ಅಂಗಡಿಯವರ ಮಕ್ಕಳು ಗಲ್ಲಾಪೆಟ್ಟಿಗೆಯ ಪಕ್ಕ ಹೋಂವರ್ಕ್ ಬರೆಯುವ ಹಾಗೆ ಅಂದುಕೊಳ್ಳಿ.

ಈ ಹುಡುಗನಿಗೆ ಶಾಲೆ ಕಷ್ಟವಾಗಿತ್ತು. ಓದಿನಲ್ಲಿ ಅಲ್ಲ, ಊಟದ ಹೊತ್ತಿನಲ್ಲಿ. ಕೆಫೆಟೇರಿಯಾದಲ್ಲಿ ಯಾರ ಪಕ್ಕ ಕೂರುವುದು ಎಂಬ ಭಯ. ನಾಚಿಕೆಯ ಸ್ವಭಾವ, ಸ್ನೇಹಿತರಿಲ್ಲ. ಹಾಗಾಗಿ ಎಷ್ಟೋ ಬೆಳಿಗ್ಗೆ ಹೊಟ್ಟೆನೋವು ಎಂದು ಸುಳ್ಳು ಹೇಳಿ ಮನೆಯಲ್ಲೇ ಉಳಿಯುತ್ತಿದ್ದ. ಪ್ರೀತಿಸುವ ಅಪ್ಪ ಅಮ್ಮ ಮನೆಯಲ್ಲೇ ಇದ್ದರೂ, ಅಪ್ಪ ಸ್ವತಃ ಡಾಕ್ಟರಾಗಿದ್ದರೂ, ‘ನಾನು ಒಂಟಿ’ ಎಂದು ಹೇಳಲಿಲ್ಲ. ಹೇಳಿದರೆ ತನ್ನಲ್ಲೇ ಏನೋ ಕೊರತೆ ಇದೆ ಎಂದು ಒಪ್ಪಿಕೊಂಡಂತೆ ಎಂಬ ನಾಚಿಕೆ. ಇದನ್ನು ಮೂರ್ತಿಯವರೇ ದೊಡ್ಡವರಾದ ಮೇಲೆ ಮತ್ತೆ ಮತ್ತೆ ಹೇಳಿಕೊಂಡಿದ್ದಾರೆ.

ಅವರು ಹೇಳುವ ಇನ್ನೊಂದು ನೆನಪಿದೆ. ಒಂದು ನಡುರಾತ್ರಿ ಅಪ್ಪ ಅಮ್ಮ ಮಕ್ಕಳನ್ನು ಎಬ್ಬಿಸಿ ಕಾರಿಗೆ ಹತ್ತಿಸಿದರು. ಕ್ಯಾನ್ಸರ್‌ನಿಂದ ನರಳುತ್ತಿದ್ದ ಒಬ್ಬ ರೋಗಿ ತೀರಿಕೊಂಡಿದ್ದ. ಅವನ ಹೆಂಡತಿ ಆ ರಾತ್ರಿ ಒಬ್ಬಳೇ ಅಳುತ್ತಿರುತ್ತಾಳಲ್ಲ ಎಂಬ ಯೋಚನೆ ಇವರದು. ಸೀರೆಯುಟ್ಟ ಅಮ್ಮ ಆ ಮನೆಯ ಮೆಟ್ಟಿಲ ಮೇಲೆ ನಿಂತು, ಬೇರೆ ದೇಶದ, ಬೇರೆ ಭಾಷೆಯ ಆ ಹೆಂಗಸನ್ನು ತಬ್ಬಿಕೊಂಡು ನಿಂತದ್ದನ್ನು ಹುಡುಗ ಕಾರಿನಿಂದ ನೋಡಿದ. ಸಾವಿನ ಮನೆಗೆ ಹೋಗಿ ಸುಮ್ಮನೆ ಕೂತು ಬರುವುದು ನಮ್ಮಲ್ಲಿ ಯಾರೂ ಕಲಿಸಿಕೊಡಬೇಕಾದ ಸಂಗತಿ ಅಲ್ಲ. ಕರ್ನಾಟಕದಿಂದ ಹೋದ ಆ ದಂಪತಿ ಅದನ್ನು ಮಯಾಮಿಯಲ್ಲೂ ಬಿಡಲಿಲ್ಲ. ವೈದ್ಯನಾಗಬೇಕು ಅಂದರೆ ಏನು ಎಂಬುದು ಆ ಹುಡುಗನಿಗೆ ಮೊದಲು ಕಂಡದ್ದು ಇಂಥ ಕಡೆ ಎಂದು ನಮಗನಿಸುತ್ತದೆ.

ಮುಂದಿನದು ಪತ್ರಿಕೆಗಳಲ್ಲಿ ಬಂದ ಪಟ್ಟಿ: ಹಾರ್ವರ್ಡ್, ಯೇಲ್, ಬಾಸ್ಟನ್ನಿನ ಆಸ್ಪತ್ರೆ. ಅದರ ನಡುವೆ ಸಾಮಾನ್ಯವಾಗಿ ಬಿಟ್ಟುಹೋಗುವ ಎರಡು ಸಾಲು ನಾವು ಸೇರಿಸುತ್ತೇವೆ. 1995ರಲ್ಲಿ, ಇನ್ನೂ ಕಾಲೇಜು ವಿದ್ಯಾರ್ಥಿಯಾಗಿದ್ದಾಗ, ಅಕ್ಕ ರಶ್ಮಿಯವರ ಜೊತೆ ಸೇರಿ ಭಾರತ ಮತ್ತು ಅಮೆರಿಕದ ಯುವಜನರಿಗೆ ಎಚ್‌ಐವಿ ಬಗ್ಗೆ ತಿಳಿವಳಿಕೆ ಕೊಡುವ ‘ವಿಷನ್ಸ್’ ಸಂಸ್ಥೆ ಕಟ್ಟಿದರು. ಅದಾದ ಎರಡು ವರ್ಷಕ್ಕೆ ‘ಸ್ವಾಸ್ಥ್ಯ’ ಎಂಬ ಯೋಜನೆ. ಹಳ್ಳಿಯ ಹೆಣ್ಣುಮಕ್ಕಳನ್ನೇ ಆರೋಗ್ಯ ಕಾರ್ಯಕರ್ತೆಯರಾಗಿ ತಯಾರು ಮಾಡುವುದು ಅದರ ಕೆಲಸ. ಓದು ಮುಗಿಸಿ, ಹೆಸರು ಮಾಡಿ, ಆಮೇಲೆ ಸಮಾಜಸೇವೆ ಎಂಬ ಕ್ರಮ ಅಲ್ಲ ಇದು. ವಿದ್ಯಾರ್ಥಿಯಾಗಿದ್ದಾಗಲೇ ಶುರುವಾದದ್ದು.

ಸರ್ಜನ್ ಜನರಲ್ ಎಂದರೆ ಆಪರೇಷನ್ ಮಾಡುವ ಹುದ್ದೆ ಅಲ್ಲ. ‘ಮುಖ್ಯ ಶಸ್ತ್ರಚಿಕಿತ್ಸಕ’ ಎಂದು ಅನುವಾದ ಮಾಡಿದರೆ ನಗು ಬರುತ್ತದೆ. ಮೂರ್ತಿ ಸರ್ಜನ್ನೇ ಅಲ್ಲ, ಫಿಸಿಷಿಯನ್. ದೇಶದ ಆರೋಗ್ಯದ ಬಗ್ಗೆ ಜನರ ಜೊತೆ ನೇರವಾಗಿ ಮಾತನಾಡುವುದು ಆ ಹುದ್ದೆಯ ಕೆಲಸ. ಆ ಮಾತಿಗೂ ಬೆಲೆ ತೆರಬೇಕಾಯಿತು. ಬಂದೂಕು ಹಿಂಸೆ ಕೂಡ ಆರೋಗ್ಯದ ಪ್ರಶ್ನೆಯೇ ಎಂದು 2012ರಲ್ಲಿ ಒಂದು ಟ್ವೀಟ್ ಮಾಡಿದ್ದರು. ಅದನ್ನೇ ಹಿಡಿದು ಬಂದೂಕು ಮಾಲೀಕರ ಸಂಘದವರು ವಿರೋಧಿಸಿದರು. 2013ರ ನವೆಂಬರ್‌ನಲ್ಲಿ ಹೆಸರು ಸೂಚನೆಯಾದರೂ ಸೆನೆಟ್ ಒಪ್ಪಿಗೆ ಸಿಕ್ಕಿದ್ದು 2014ರ ಡಿಸೆಂಬರ್‌ನಲ್ಲಿ, 51–43 ಮತಗಳಿಂದ. 2017ರಲ್ಲಿ ಸರ್ಕಾರ ಬದಲಾದಾಗ ಅವಧಿ ಮುಗಿಯುವ ಮುನ್ನವೇ ತೆಗೆದುಹಾಕಿದರು. ಕೆಲಸ ಹೋದ ಮೇಲೆ ತಾನೇ ಒಂಟಿತನಕ್ಕೆ ಬಿದ್ದದ್ದನ್ನೂ ಅವರು ಮುಚ್ಚಿಡಲಿಲ್ಲ. ಹುದ್ದೆಯಲ್ಲಿದ್ದಾಗ ಕೆಲಸದ ಗಡಿಬಿಡಿಯಲ್ಲಿ ಗೆಳೆಯರನ್ನು ದೂರ ಮಾಡಿಕೊಂಡಿದ್ದೆ, ಹುದ್ದೆ ಹೋದಾಗ ಫೋನ್ ಮಾಡಲೂ ಸಂಕೋಚವಾಯಿತು ಎಂಬ ಅರ್ಥದಲ್ಲಿ ಬರೆದುಕೊಂಡರು. ನಮ್ಮ ಜಿಲ್ಲೆಯ ಯಾವ ಮಾಜಿ ಜನಪ್ರತಿನಿಧಿ ಈ ಮಾತನ್ನು ಮೈಕಿನ ಮುಂದೆ ಹೇಳಿಯಾರು? ನೆನೆಸಿಕೊಳ್ಳುವುದೂ ಕಷ್ಟ.

2021ರಲ್ಲಿ ಮತ್ತೆ ಅದೇ ಹುದ್ದೆ. ಆ ವರ್ಷದ ಡಿಸೆಂಬರ್‌ನಲ್ಲಿ ಯುವಜನರ ಮಾನಸಿಕ ಆರೋಗ್ಯದ ಬಗ್ಗೆ ಎಚ್ಚರಿಕೆಯ ಸಲಹಾಪತ್ರ ಹೊರಡಿಸಿದರು. ಕೋವಿಡ್ ಬರುವ ಮೊದಲೇ, 2019ರಲ್ಲೇ, ಅಮೆರಿಕದ ಹೈಸ್ಕೂಲು ಮಕ್ಕಳಲ್ಲಿ ಮೂವರಿಗೆ ಒಬ್ಬರಿಗಿಂತ ಹೆಚ್ಚು ಮಂದಿ ಬಿಡದ ದುಃಖ, ಹತಾಶೆ ಕಾಡುತ್ತಿದೆ ಎಂದಿದ್ದರು. ಹತ್ತು ವರ್ಷದಲ್ಲಿ ಅದು ಶೇ 40ರಷ್ಟು ಏರಿತ್ತು ಎಂಬುದು ಅದರಲ್ಲಿದ್ದ ಲೆಕ್ಕ. 2023ರ ಮೇ ತಿಂಗಳಲ್ಲಿ ಒಂಟಿತನದ ಬಗ್ಗೆಯೇ ಪ್ರತ್ಯೇಕ ಸಲಹಾಪತ್ರ ಬಂತು. ಸಿಗರೇಟಿನ ಮೇಲೆ ಎಚ್ಚರಿಕೆ ಬರೆಸಿದ ಪರಂಪರೆಯ ಹುದ್ದೆ ಅದು. ಅಲ್ಲಿ ಕೂತು ಅವರು, ಜನರ ಒಡನಾಟವಿಲ್ಲದೆ ಬದುಕುವುದು ದಿನಕ್ಕೆ 15 ಸಿಗರೇಟು ಸೇದಿದಷ್ಟೇ ಆಯಸ್ಸನ್ನು ತಿನ್ನಬಲ್ಲದು ಎಂದರು. ಊಟದ ಬಿಡುವಿಗೆ ಹೆದರಿ ಹೊಟ್ಟೆನೋವು ಎಂದ ಹುಡುಗ ನಲವತ್ತು ವರ್ಷಗಳ ನಂತರ ಆ ನೋವಿಗೆ ಅದರದೇ ಹೆಸರು ಕೊಟ್ಟ.

ಈಗ ನಮ್ಮ ಕಡೆಗೆ ಬರೋಣ. ‘ಹೊಟ್ಟೆನೋವು’ ಎಂಬ ಪದ ಜಿಲ್ಲಾ ವರದಿಗಾರರಿಗೆ ಬೇರೆ ಕಡೆಯಿಂದ ಪರಿಚಯ. ಪೊಲೀಸ್ ಠಾಣೆಯಿಂದ ವಾಟ್ಸ್‌ಆ್ಯಪ್‌ಗೆ ಬರುವ ಟಿಪ್ಪಣಿಯಲ್ಲಿ ಅದು ಇರುತ್ತದೆ. ಆತ್ಮಹತ್ಯೆಯ ಸುದ್ದಿಗೆ ಅಲ್ಲಿ ನಾಲ್ಕೈದೇ ಕಾರಣ: ಹೊಟ್ಟೆನೋವು ತಾಳಲಾರದೆ, ಜೀವನದಲ್ಲಿ ಜಿಗುಪ್ಸೆಗೊಂಡು, ಸಾಲಬಾಧೆ, ಪ್ರೇಮ ವೈಫಲ್ಯ, ಪರೀಕ್ಷೆಯಲ್ಲಿ ಫೇಲು. ಹೊಟ್ಟೆನೋವು ನಿಜವಾದ ಕಾಯಿಲೆಯೂ ಇರುತ್ತದೆ, ಅಲ್ಲವೆನ್ನುವುದಿಲ್ಲ. ಆದರೆ ದೂರು ಕೊಡಲು ಬಂದ ಮನೆಯವರಿಗೂ, ಬರೆದುಕೊಳ್ಳುವ ರೈಟರ್‌ಗೂ, ಆರು ಸಾಲಿನ ಜಾಗ ಇಟ್ಟಿರುವ ಡೆಸ್ಕಿಗೂ ಅನುಕೂಲವಾದ ಪದ ಅದು. ಮದುವೆಯಾಗಬೇಕಾದ ತಂಗಿ ಇದ್ದಾಳೆ, ಊರಲ್ಲಿ ಮಾತಾಗುತ್ತದೆ, ಠಾಣೆ ಕೋರ್ಟು ಬೇಡ. ಮನಸ್ಸಿಗೆ ಕಾಯಿಲೆ ಇತ್ತು ಎಂದು ಬರೆಸುವುದಕ್ಕಿಂತ ಹೊಟ್ಟೆಗೆ ಇತ್ತು ಎಂದು ಬರೆಸುವುದು ಸುಲಭ. ಮಯಾಮಿಯ ಹುಡುಗನ ಸುಳ್ಳಿಗೂ ಇದಕ್ಕೂ ಕಾರಣ ಒಂದೇ, ನಾಚಿಕೆ.

2015ನೇ ಇಸವಿಯನ್ನು ಮಂಡ್ಯ ಜಿಲ್ಲೆಯವರು ಮರೆಯುವುದಿಲ್ಲ. ಆ ಏಪ್ರಿಲ್‌ನಲ್ಲಿ ವಿವೇಕ್ ಮೂರ್ತಿಯವರ ಪ್ರಮಾಣವಚನದ ಸಮಾರಂಭ ನಡೆಯಿತು; ಭಾರತದ ರೈತನೊಬ್ಬನ ಮೊಮ್ಮಗನಿಗೆ ಈ ದೇಶ ತನ್ನ ಆರೋಗ್ಯ ಕಾಯಲು ಹೇಳಿದೆಯಲ್ಲ ಎಂದು ಅವರು ಅಲ್ಲಿ ಅಚ್ಚರಿಪಟ್ಟರು. ಜೂನ್, ಜುಲೈ ಹೊತ್ತಿಗೆ ಅದೇ ರೈತನ ಜಿಲ್ಲೆಯಿಂದ ಕಬ್ಬು ಬೆಳೆಗಾರರ ಆತ್ಮಹತ್ಯೆಗಳ ಸುದ್ದಿ ಸಾಲುಸಾಲಾಗಿ ಹೊರಟಿತು. ಕಾರ್ಖಾನೆಯ ಬಾಕಿ, ಬಿದ್ದ ಸಕ್ಕರೆ ದರ, ಕೈಸಾಲ, ಸೊಸೈಟಿ ಸಾಲ ಎಲ್ಲವೂ ವರದಿಯಾಯಿತು, ಆಗಲೇಬೇಕಿತ್ತು. ಮೃತರ ಕುಟುಂಬಕ್ಕೆ ಕೊಡುವ ಪರಿಹಾರ 5 ಲಕ್ಷ ರೂಪಾಯಿಗೆ ಏರಿದ್ದೂ ಆ ವರ್ಷವೇ.

ಆ ಸಾವುಗಳನ್ನು ಮನಸ್ಸಿನ ಕಾಯಿಲೆ ಎಂದು ಕರೆದು ಸಾಲದ ಪ್ರಶ್ನೆಯನ್ನು ಮುಚ್ಚಿಹಾಕಬೇಕು ಎಂದು ಯಾರೂ ತಪ್ಪು ತಿಳಿಯಬಾರದು. ಹಾಗೆ ಮುಚ್ಚಿಹಾಕಲು ನೋಡುವ ರಾಜಕಾರಣಿಗಳನ್ನು ನಾವು ನೋಡಿದ್ದೇವೆ. ‘ರೈತ ಕುಡಿತದಿಂದ ಸತ್ತ’, ‘ಮನೆ ಜಗಳದಿಂದ ಸತ್ತ’ ಎನ್ನುವ ಬಾಯಿಗಳು ಯಾವಾಗಲೂ ಸಿದ್ಧ ಇರುತ್ತವೆ. ನಮ್ಮ ಮಾತು ಇಷ್ಟೇ: ಒಂದೇ ಊರಿನಲ್ಲಿ, ಒಂದೇ ಮೊತ್ತದ ಸಾಲ ಇರುವ ಇಬ್ಬರಲ್ಲಿ ಒಬ್ಬನಿಗೆ ಹೇಳಿಕೊಳ್ಳಲು ಯಾರಾದರೂ ಇರುತ್ತಾರೆ, ಇನ್ನೊಬ್ಬನಿಗೆ ಇರುವುದಿಲ್ಲ. ಸಾಲಗಾರ ಮನೆ ಬಾಗಿಲಿಗೆ ಬಂದು ಕೂಗಾಡಿದ ಮೇಲೆ ಅರಳಿಕಟ್ಟೆಗೆ ಹೋಗುವುದನ್ನೇ ಬಿಟ್ಟವನ ಕಥೆ ಯಾವ ಪರಿಹಾರದ ಅರ್ಜಿಯಲ್ಲೂ ಇಲ್ಲ. ಅರ್ಜಿಯಲ್ಲಿ ಪಹಣಿ ಇದೆ, ಸಾಲದ ದಾಖಲೆ ಇದೆ, ಎಫ್‌ಐಆರ್ ಇದೆ. ಕಟ್ಟೆ ಬಿಟ್ಟ ದಿನ ಯಾವುದು ಎಂಬ ಕಾಲಂ ಇಲ್ಲ. ಸರ್ಕಾರಿ ಅರ್ಜಿಯಲ್ಲಿ ಇಲ್ಲದಿದ್ದರೆ ಬೇಡ, ಸುದ್ದಿಯಲ್ಲಿ ಇರಬಹುದಲ್ಲ.

‘ಒಂಟಿತನ, ಡಿಪ್ರೆಷನ್ ಎಲ್ಲ ಅಮೆರಿಕದವರ ಕಾಯಿಲೆ, ಹೊಟ್ಟೆ ತುಂಬಿದವರದು, ನಮ್ಮಲ್ಲಿ ಕೂಡು ಕುಟುಂಬ ಇದೆ’ ಎಂದು ಹೇಳುವವರು ನಮ್ಮ ನಡುವೆ ಬಹಳ. ಮೂರ್ತಿಯವರು ಸಹ ಅಧ್ಯಕ್ಷರಾಗಿದ್ದ ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2025ರ ಜೂನ್‌ನಲ್ಲಿ ಕೊಟ್ಟ ವರದಿ ನೋಡಿ. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ. ಶ್ರೀಮಂತ ದೇಶಗಳಲ್ಲಿ ಅದು ಸುಮಾರು ಶೇ 11, ಬಡ ದೇಶಗಳಲ್ಲಿ ಸುಮಾರು ಶೇ 24. ಹೊಟ್ಟೆ ತುಂಬಿದವರ ಕಾಯಿಲೆ ಎಂಬ ಮಾತು ಅಲ್ಲಿಗೆ ಮುಗಿಯಿತು. ಕೂಡು ಕುಟುಂಬ ಎಲ್ಲಿದೆ ಎಂಬುದು ರೇಷನ್ ಕಾರ್ಡುಗಳನ್ನು ನೋಡಿದರೆ ಗೊತ್ತಾಗುತ್ತದೆ, ಅದು ಬೇರೆ ಮಾತು.

ಇನ್ನೊಂದು ಹೆಮ್ಮೆಯ ಸಂಗತಿ ನಮ್ಮಲ್ಲೇ ಮರೆತುಹೋಗಿದೆ. ಮನೋರೋಗದ ಚಿಕಿತ್ಸೆ ದೊಡ್ಡಾಸ್ಪತ್ರೆಯಲ್ಲಿ ಮಾತ್ರ ಸಿಗಬೇಕಾಗಿಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟರೆ ಹಳ್ಳಿಯಲ್ಲೇ ಸಿಗುತ್ತದೆ ಎಂದು ಜಿಲ್ಲೆಯ ಮಟ್ಟದಲ್ಲಿ ಮಾಡಿ ತೋರಿಸಿದ್ದು ಕರ್ನಾಟಕ. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಶುರು ಮಾಡಿದ ಆ ಪ್ರಯೋಗಕ್ಕೆ ‘ಬಳ್ಳಾರಿ ಮಾದರಿ’ ಎಂದೇ ಹೆಸರು. ಅದರ ಆಧಾರದ ಮೇಲೆ 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ತಂದಿತು. ನಮ್ಮ ರಾಜ್ಯದಲ್ಲಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬಂದು ನೋಡುವ ‘ಮನೋಚೈತನ್ಯ’ ಎಂಬ ಕಾರ್ಯಕ್ರಮವಿದೆ. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಸಹಾಯವಾಣಿ ಇದೆ, 14416ಕ್ಕೆ ಯಾವ ಹೊತ್ತಿನಲ್ಲಿ ಕರೆ ಮಾಡಿದರೂ ಕನ್ನಡದಲ್ಲೇ ಮಾತನಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಅದರ ಸೂತ್ರ ಹಿಡಿದಿರುವುದೂ ನಮ್ಮ ನಿಮ್ಹಾನ್ಸೇ. ಆತ್ಮಹತ್ಯೆಗೆ ಯತ್ನಿಸಿದವರನ್ನು ಅಪರಾಧಿಗಳಂತೆ ಕಾಣುವ ಕಾಲವೂ ಹೋಯಿತು: 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಅವರನ್ನು ತೀವ್ರ ಒತ್ತಡದಲ್ಲಿದ್ದವರು ಎಂದೇ ಭಾವಿಸಬೇಕು ಎನ್ನುತ್ತದೆ. ಬರೆಯುವುದು ಹೇಗೆ ಎಂದು ಭಾರತೀಯ ಪತ್ರಿಕಾ ಮಂಡಳಿ 2019ರಲ್ಲೇ ಹೇಳಿದೆ: ವಿಧಾನ ವಿವರಿಸಬೇಡಿ, ಎದ್ದು ಕಾಣುವಂತೆ ಹಾಕಬೇಡಿ, ಫೋಟೊ ಬೇಡ.

ಮಂಗಳವಾರದ ಆ ಕೊಠಡಿ ತೆರೆದಿರುತ್ತದೆಯೇ, ಮಾತ್ರೆ ದಾಸ್ತಾನು ಇದೆಯೇ, ವೈದ್ಯರು ಎಷ್ಟು ಹೊತ್ತಿಗೆ ಬಂದು ಎಷ್ಟು ಹೊತ್ತಿಗೆ ಹೋಗುತ್ತಾರೆ, ಸರದಿಯಲ್ಲಿ ನಿಂತವರು ಎಷ್ಟು ದೂರದಿಂದ ಬಂದವರು. ಇದು ತಾಲ್ಲೂಕು ವರದಿಗಾರ ಅರ್ಧ ದಿನದಲ್ಲಿ ಮಾಡಬಹುದಾದ ಸುದ್ದಿ. ಇದಕ್ಕೆ ವಾಷಿಂಗ್ಟನ್ನಿಗೆ ಹೋಗಬೇಕಾಗಿಲ್ಲ. ಸುದ್ದಿಗಿಷ್ಟು ಎಂದು ದುಡ್ಡು ಎಣಿಸುವ ವ್ಯವಸ್ಥೆಯಲ್ಲಿ ಅರ್ಧ ದಿನ ಎಂದರೆ ಏನು ಎಂಬುದು ನಮಗೆ ಗೊತ್ತು. ಆದರೂ ಹೇಳುತ್ತೇವೆ.

ಈಗ ನಮ್ಮ ಹಳ್ಳಿಗಳಿಂದ ಅಮೆರಿಕಕ್ಕೆ ಹೋದ ಇಂಜಿನಿಯರುಗಳ ಮಕ್ಕಳ ಮಾತು. ವಿವೇಕ್ ಮೂರ್ತಿಯವರ ಹಾದಿ ಈಗಿನ ಮಕ್ಕಳಿಗೆ ಅಷ್ಟು ಸಲೀಸಲ್ಲ. ಎಚ್‌–1ಬಿ ವೀಸಾದಲ್ಲಿ ಅಪ್ಪ ಅಥವಾ ಅಮ್ಮ, ಅವರ ಅವಲಂಬಿತರಾಗಿ ಎಚ್‌–4ರಲ್ಲಿ ಮಕ್ಕಳು. ಉದ್ಯೋಗದ ಆಧಾರದ ಗ್ರೀನ್ ಕಾರ್ಡಿನಲ್ಲಿ ಒಂದು ದೇಶಕ್ಕೆ ಶೇ 7ರ ಮಿತಿ ಇರುವುದರಿಂದ ಭಾರತೀಯರ ಸರದಿ ದಶಕಗಳಷ್ಟು ಉದ್ದ. ಸರದಿ ಬರುವ ಮೊದಲೇ ಮಗುವಿಗೆ 21 ತುಂಬಿದರೆ ಅವಲಂಬಿತ ವೀಸಾ ಮುಗಿಯುತ್ತದೆ. ಮೂರು ವರ್ಷದವಳಿದ್ದಾಗ ಹೋದ ಹುಡುಗಿ, ಅಲ್ಲೇ ಶಾಲೆ ಕಲಿತವಳು, ಆಗ ವಿದೇಶಿ ವಿದ್ಯಾರ್ಥಿಯಾಗಿ ಬೇರೆ ವೀಸಾ ಹಿಡಿಯಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಗ್ರೀನ್ ಕಾರ್ಡ್ ಇಲ್ಲದವರ ಅರ್ಜಿಯನ್ನು ಅಲ್ಲಿನ ಅನೇಕ ವೈದ್ಯಕೀಯ ಕಾಲೇಜುಗಳು ತೆಗೆದುಕೊಳ್ಳುವುದೇ ಇಲ್ಲ. ಸರ್ಕಾರದ ಶಿಕ್ಷಣ ಸಾಲವೂ ಸಿಗದು. ಡಾಕ್ಟರಾಗಬೇಕು, ಅದರಲ್ಲೂ ತನ್ನಂಥ ಮಕ್ಕಳ ಮನಸ್ಸಿಗೆ ಔಷಧಿ ಕೊಡಬೇಕು ಎಂದುಕೊಂಡ ಹುಡುಗಿಗೆ ಮೊದಲ ಆತಂಕ ಕೊಡುವುದೇ ಕ್ಯಾಲೆಂಡರು. ಇದನ್ನು ಊರಲ್ಲಿರುವ ಅಜ್ಜಿಗೆ ವಿಡಿಯೊ ಕಾಲಿನಲ್ಲಿ ಹೇಗೆ ಹೇಳುವುದು? ‘ಚೆನ್ನಾಗಿದ್ದೀನಿ ಅಜ್ಜಿ, ಊಟ ಆಯ್ತು’ ಎನ್ನುತ್ತಾಳೆ. ಅಜ್ಜಿಯೂ ಮಂಡಿನೋವಿನ ವಿಷಯ ಮಾತ್ರ ಹೇಳುತ್ತಾಳೆ, ತಿಂಗಳಿನಿಂದ ಯಾರೂ ಮನೆಗೆ ಬಂದಿಲ್ಲ ಎಂಬುದನ್ನಲ್ಲ. ಎರಡು ತುದಿಯಲ್ಲೂ ಒಂದೇ ಕಾಯಿಲೆ, ನಡುವೆ ಒಳ್ಳೆಯ ನೆಟ್‌ವರ್ಕ್.

ಮೂರ್ತಿಯವರನ್ನು ದೇವರು ಮಾಡುವುದು ನಮಗೆ ಬೇಡ. ಆ ಹುದ್ದೆಗೆ ಬಾಯಿ ಇದೆ, ಕೈ ಇಲ್ಲ. ಸಲಹಾಪತ್ರ ಹೊರಡಿಸಬಹುದು, ಬಜೆಟ್ ಕೊಡಲಾಗದು. ಸಮುದಾಯ, ಸ್ನೇಹ, ಸೇವೆ ಎಂದು ಅವರು ಮಾತನಾಡುವಾಗ ದುಡಿಮೆಯ ಪ್ರಶ್ನೆ ಸ್ವಲ್ಪ ಹಿಂದೆ ಸರಿಯುತ್ತದೆ ಎಂದು ನಮಗನಿಸಿದ್ದುಂಟು. ಎರಡು ಪಾಳಿ ಮಾಡುವ ಗಾರ್ಮೆಂಟ್ಸ್ ಹೆಣ್ಣುಮಗಳಿಗೆ ‘ದಿನಕ್ಕೆ ಹದಿನೈದು ನಿಮಿಷ ಪ್ರೀತಿಪಾತ್ರರ ಜೊತೆ ಕಳೆಯಿರಿ’ ಎಂದರೆ ಅವಳು ನಮ್ಮ ಮುಖ ನೋಡುತ್ತಾಳೆ. ಕೇರಿಯ ಬಾವಿಗೆ, ದೇವಸ್ಥಾನದ ಒಳಗೆ ಬಿಡದ ಊರಿನಲ್ಲಿ ‘ಸಮುದಾಯ’ ಎಂಬ ಪದವೂ ಎಲ್ಲರಿಗೂ ಒಂದೇ ಥರ ಕೇಳುವುದಿಲ್ಲ. ಇದೆಲ್ಲ ಅವರ ಜೊತೆ ಮಾಡಬೇಕಾದ ಜಗಳ. ಜಗಳ ಮಾಡಬೇಕಾದರೂ ಮೊದಲು ಅವರು ಹೇಳಿದ್ದು ಕನ್ನಡದಲ್ಲಿ ಬರಬೇಕು.

ನೀಟ್ ಫಲಿತಾಂಶದ ದಿನ ಪ್ರತಿ ಜಿಲ್ಲೆಯಲ್ಲೂ ಒಬ್ಬ ಹುಡುಗನ, ಒಬ್ಬಳು ಹುಡುಗಿಯ ಫೋಟೊ ಬರುತ್ತದೆ; ಅಪ್ಪ ಅಮ್ಮ ಎರಡು ಪಕ್ಕದಿಂದ ಲಾಡು ತಿನ್ನಿಸುತ್ತಿರುತ್ತಾರೆ. ಕೇಳುವ ಪ್ರಶ್ನೆ ಎರಡೇ: ದಿನಕ್ಕೆ ಎಷ್ಟು ಗಂಟೆ ಓದಿದೆ, ಮುಂದೆ ಏನಾಗುತ್ತೀಯ. ಕಾರ್ಡಿಯಾಲಜಿ, ನ್ಯೂರೊ ಸರ್ಜರಿ ಎಂಬ ಉತ್ತರ ನಾವು ಪೆನ್ನು ತೆಗೆಯುವ ಮೊದಲೇ ಗೊತ್ತಿರುತ್ತದೆ. ಮನೋವೈದ್ಯನಾಗುತ್ತೇನೆ ಎಂದು ಆ ಮಗು ಹೇಳಿದರೆ ಅಪ್ಪನ ಕೈಯಲ್ಲಿನ ಲಾಡು ಅಲ್ಲೇ ನಿಲ್ಲಬಹುದು. ಈ ಬಾರಿ ಮೂರನೆಯ ಪ್ರಶ್ನೆ ಒಂದನ್ನು ಸೇರಿಸೋಣ ಎಂದು ಈ ಬ್ಲಾಗಿನ ಗೆಳೆಯರಲ್ಲಿ ನಮ್ಮ ಕೋರಿಕೆ. ಎರಡು ವರ್ಷ ಕೋಚಿಂಗ್ ಹಾಸ್ಟೆಲಿನಲ್ಲಿ ಇದ್ದೆಯಲ್ಲ, ಮಧ್ಯಾಹ್ನ ಊಟಕ್ಕೆ ಯಾರ ಪಕ್ಕ ಕೂರುತ್ತಿದ್ದೆ? ಡೆಸ್ಕಿನವರು ಆ ಸಾಲು ಕತ್ತರಿಸಿದರೆ, ಪೂರ್ತಿ ಉತ್ತರವನ್ನು ಇಲ್ಲಿಗೆ ಕಳಿಸಿ.